ಅಡಿಗೆ ಭಟ್ಟರ ಮಗಳು ಉಣ್ಣದ ವರ್ಷ

ಮೊನ್ನೆ ಬೆಳಿಗ್ಗೆ ಕಾರು ಕಲಿಯಲು ಬಂದ ಹುಡುಗಿಯೊಬ್ಬಳು ಸ್ಟಿಯರಿಂಗಿಗೆ ಕೈ ಹಾಕುವ ಮೊದಲು ಬ್ಯಾಗಿನಿಂದ ಸಣ್ಣ ಬಾಟಲಿ ತೆಗೆದು ಉಗುರಿನ ಬಣ್ಣ ಒರೆಸಿಕೊಳ್ಳತೊಡಗಿದಳು. ಪಾಠ ಮುಗಿಸಿ ಯಾರದೋ ಉತ್ತರಕ್ರಿಯೆಯ ಮನೆಗೆ ಹೋಗಲಿಕ್ಕಿತ್ತಂತೆ, ಅಲ್ಲಿಗೆ ಕೆಂಪು ಉಗುರು ಸರಿಯಲ್ಲವಂತೆ. ಮಳೆಗೆಂದು ಗ್ಲಾಸು ಏರಿಸಿದ್ದ ಕಾರಿನೊಳಗೆ ಆ ವಾಸನೆ ತುಂಬಿತು. ಹೆಚ್ಚು ಹಣ್ಣಾಗಿ ಕೆಡಲು ಹೊರಟ ಪೇರಳೆಯಂಥ ಸಿಹಿ, ಅದರ ಹಿಂದೆಯೇ ಮೂಗಿನ ತುದಿಗೆ ಚುರ್ರೆನ್ನುವ ಒಂದು ಖಾರ. ನಾನು ಬಾಗಿಲು ತೆಗೆದು ಮಳೆಗೇ ಇಳಿದುಬಿಟ್ಟೆ.

"ಎಂತ ಸರ್, ಅಲರ್ಜಿಯಾ?"

"ಹೌದು ಮಾರಾಯ್ತಿ, ಅಲರ್ಜಿ," ಎಂದೆ. ಬೇರೆ ಏನು ಹೇಳುವುದು? ಇದು ನನ್ನ ಅಕ್ಕನ ಮಗಳ ಉಸಿರಿನ ವಾಸನೆ ಎಂದು ಹೇಳಿದರೆ ಆ ಹುಡುಗಿ ಮರುದಿನವೇ ಬೇರೆ ಡ್ರೈವಿಂಗ್ ಸ್ಕೂಲಿಗೆ ಸೇರುತ್ತಿದ್ದಳು.

ಪುತ್ತೂರಿನಲ್ಲಿ ಕಾರು ಕಲಿಸುವುದು ನನ್ನ ಕಸುಬು. ಕಲಿಸುವ ಕಾರಿನಲ್ಲಿ ಎಡಗಡೆಯ ಸೀಟಿನ ಅಡಿಯಲ್ಲೂ ಒಂದು ಬ್ರೇಕು ಇರುತ್ತದೆ, ಮೇಷ್ಟರಿಗೆ. ಆ ಸೀಟಿನಲ್ಲಿ ಕೂತು ಕೂತು ನನ್ನ ಕಾಲಿಗೆ ಒಂದು ರೋಗ ಅಂಟಿದೆ. ಬಸ್ಸಿನಲ್ಲಿ ಕುಳಿತರೂ ಅದು ನೆಲವನ್ನು ಒತ್ತುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಬಿಸಿ ಸಾರಿನ ಬಕೆಟು ಹಿಡಿದವರು ಸರಸರ ಬರುವುದು ಕಂಡರೂ ಒತ್ತುತ್ತದೆ. ಮನಸ್ಸಿನ ರೋಗ ಇದಕ್ಕಿಂತಲೂ ಹೆಚ್ಚು. ಗ್ಯಾಸು ಆಫ್ ಮಾಡಿದ್ದೇನೋ ಇಲ್ಲವೋ, ಕುಮಾರಧಾರೆಯ ಸೇತುವೆ ಈ ಮಳೆಗೆ ನಿಂತೀತೋ ಇಲ್ಲವೋ, ನಾಲಿಗೆಯ ಹುಣ್ಣು ಬರೀ ಹುಣ್ಣೋ ಅಲ್ಲವೋ. ನೆಂಟರಲ್ಲಿ ನನಗೆ 'ಮಂಡೆಬಿಸಿ ಮಾವ' ಎಂದೇ ಹೆಸರು. ಇಂಥವನು ಜೀವಮಾನದಲ್ಲಿ ಒಂದೇ ಒಂದು ಸಲ ಸರಿಯಾದ ವಿಷಯಕ್ಕೆ, ಸರಿಯಾದ ಹೊತ್ತಿಗೆ ಹೆದರಿದೆ. ಸೇತುವೆಗೂ ಹುಣ್ಣಿಗೂ ಹೆದರಿ ಹೆದರಿ ನನ್ನ ಹೆದರಿಕೆಯ ಬೆಲೆಯನ್ನೆಲ್ಲ ಕಳೆದುಕೊಂಡಿದ್ದೆನಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊರೊನಾದ ಗಲಾಟೆ ಮುಗಿದು ಕಾಲೇಜುಗಳು ಮೊದಲಿನ ಹಾಗೆ ನಡೆಯತೊಡಗಿದ ವರ್ಷ. ಜೂನಿನ ಮಳೆಯಲ್ಲಿ ಅಕ್ಕನ ಮಗಳು ಅನುಷಾ ಒಂದು ಸೂಟ್‌ಕೇಸು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಪುತ್ತೂರಿನಲ್ಲಿ ಅವಳಿಗೆ ಡಿಗ್ರಿ ಎರಡನೆಯ ವರ್ಷ. ಸುಳ್ಯದಿಂದ ದಿನಾ ಬಸ್ಸಿನಲ್ಲಿ ಓಡಾಡಿದರೆ ಓದುವುದು ಯಾವಾಗ, ನಿನ್ನಲ್ಲಿಯೇ ಇರಲಿ ಎಂದು ಅಕ್ಕ ಹೇಳಿದ್ದಳು. ನನಗೂ ಹೆಂಡತಿ ಜಯಾಳಿಗೂ ಮಕ್ಕಳಿಲ್ಲ. ಮನೆಯಲ್ಲಿ ಒಂದು ಮಾತು ಹೆಚ್ಚಾಗುತ್ತದಲ್ಲ ಎಂದು ಖುಷಿಯೇ ಆಯಿತು.

ಅನುವಿನ ಅಪ್ಪ, ಎಂದರೆ ನನ್ನ ಭಾವ, ಸುಳ್ಯದ ಕಡೆ ಹೆಸರಾದ ಅಡಿಗೆ ಭಟ್ಟರು. ಮದುವೆ, ಉಪನಯನ, ಗೃಹಪ್ರವೇಶ ಏನಿದ್ದರೂ ಜನ ಮೊದಲು ಅವರು ಸಿಗುತ್ತಾರೋ ಎಂದು ವಿಚಾರಿಸಿ ಆಮೇಲೆ ಮುಹೂರ್ತ ನೋಡುತ್ತಿದ್ದರು. ಅವರ ಮಗಳು ಎಂದಮೇಲೆ ಕೈಯಲ್ಲಿ ರುಚಿ ಇರಲೇಬೇಕು. ಅನು ಬಂದ ವಾರದಿಂದಲೇ ಅಡಿಗೆಮನೆ ಅವಳದಾಯಿತು. ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಮೊಬೈಲಿನಲ್ಲಿ ನೋಡಿ ಕಲಿತ ಹೆಸರು ಗೊತ್ತಿಲ್ಲದ ಕೇಕುಗಳು. ತಟ್ಟೆ ತಂದು ಎದುರಿಗಿಟ್ಟು, ನಾನು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಇನ್ನೊಂದು ಹಾಕ್ಲಾ ಮಾವ?"

"ನೀನು?"

"ನಂದು ಆಗ್ಲೇ ಆಯ್ತು. ಮಾಡುವಾಗಲೇ ರುಚಿ ನೋಡಿ ನೋಡಿ ಹೊಟ್ಟೆ ತುಂಬಿದೆ."

ಆ ವರ್ಷ ನನ್ನ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯಿತು, ಹೊರಗಡೆಯ ತುದಿಗೆ. ಅವಳ ಚೂಡಿದಾರಕ್ಕೆ ಜಯಾ ಒಳಗಿನಿಂದ ಹೊಲಿಗೆ ಹಾಕುತ್ತ ಹೋದಳು. ಒಂದೇ ಅಡಿಗೆಮನೆಯಿಂದ ಇಬ್ಬರೂ ಎರಡು ದಿಕ್ಕಿಗೆ ಹೊರಟಿದ್ದೆವು. ನಾನು ತಿನ್ನುತ್ತಿದ್ದದ್ದು ಅವಳ ಪಾಲು ಎಂಬುದು ಅರ್ಥವಾದಾಗಲೂ ತಿನ್ನುವುದನ್ನು ನಿಲ್ಲಿಸಿದೆನೆಂದು ಹೇಳಲಾರೆ. ರುಚಿ ಹಾಗಿತ್ತು.

ನವರಾತ್ರಿಯ ಹೊತ್ತಿಗೆ ಊರಿಗೆ ಊರೇ ಅವಳನ್ನು ಹೊಗಳತೊಡಗಿತು. ನಮ್ಮಲ್ಲಿ ನೆಂಟರು ಕಂಡರೆ ಕ್ಷೇಮ ವಿಚಾರಿಸುವ ಮೊದಲು ಮೈ ವಿಚಾರಿಸುತ್ತಾರೆ. "ತೋರ ಆಗಿದ್ದಿ" ಎಂದರೆ ಅದು ಪ್ರೀತಿ, "ಸಪೂರ ಆಗಿದ್ದಿ" ಎಂದರೆ ಅದೂ ಪ್ರೀತಿ. ಹಿಂದಿನ ವರ್ಷ ಒಂದು ಉಪನಯನದಲ್ಲಿ ಯಾರೋ ಅವಳ ತೋಳು ಹಿಂಡಿ, "ಅಪ್ಪನ ಹೋಳಿಗೆ ಎಲ್ಲ ಇಲ್ಲಿ ಉಂಟು ನೋಡಿ" ಎಂದು ನಗಾಡಿದ್ದರಂತೆ. ಈಗ ಅದೇ ಬಾಯಿಗಳು, "ಎಷ್ಟು ಚಂದ ಆಗಿದ್ದಿ ಮಾರಾಯ್ತಿ! ಎಂತ ಮಾಡಿದ್ದು, ನಮಗೂ ಹೇಳಿಕೊಡು!" ಎಂದವು. ಅವಳು ಎಲ್ಲದಕ್ಕೂ ನಕ್ಕು ಬದಿಗೆ ಸರಿಯುತ್ತಿದ್ದಳು.

ಸಂಜೆ ಹೊತ್ತು ಅವಳಿಗೆ ಕಾರು ಕಲಿಸುತ್ತಿದ್ದೆ. ಚೆನ್ನಾಗಿಯೇ ಕಲಿತಳು. ಗೇರಿನ ಮೇಲಿದ್ದ ಅವಳ ಕೈಯ ಮೇಲೆ ಕೈಯಿಟ್ಟಾಗ ಮಾತ್ರ ನನಗೆ ಗಾಬರಿ. ಹೊರಗೆ ಬೆವರು ಸುರಿಯುವ ಸೆಕೆ, ಇವಳ ಬೆರಳು ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗೆ. ಉಗುರಿನ ಬುಡ ನೀಲಿ. ಮುಂಗೈ ತುಂಬ ಎಳೆಮಗುವಿನ ಬೆನ್ನಿನ ಮೇಲಿರುತ್ತದಲ್ಲ, ಅಂಥ ನವಿರು ಕೂದಲು. ತಲೆಯ ಕೂದಲು ಮಾತ್ರ ಸೀಟಿನ ಬೆನ್ನಿಗೆ ಉದುರಿ ಅಂಟಿರುತ್ತಿತ್ತು. ಆ ಪೇರಳೆಯ ವಾಸನೆ ಮೊದಲು ಬಂದದ್ದೂ ಆಗಲೇ. ಅವಳು ಉಗುರಿಗೆ ಬಣ್ಣ ಹಚ್ಚುತ್ತಿರಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ.

"ಅವಳು ಉಣ್ಣುದಿಲ್ಲ ಅಕ್ಕ. ಉಂಡೆ ಅಂತ ಹೇಳುದು ಮಾತ್ರ."

"ಆ ವಯಸ್ಸಿನಲ್ಲಿ ಎಲ್ಲರೂ ಹಾಗೇ. ನಿನಗೆ ಹೋದ ಮಳೆಗಾಲ ಸೇತುವೆ ಬೀಳ್ತದೆ ಅಂತ ಇತ್ತು. ಬಿತ್ತಾ?"

"ಸೇತುವೆ ಬೇರೆ, ಇದು ಬೇರೆ."

"ನಿನಗೆ ಎಲ್ಲ ಒಂದೇ. ಫೋನಿಡು, ಒಲೆಯ ಮೇಲೆ ಹಾಲುಂಟು."

ನವೆಂಬರಿನಲ್ಲಿ ಕೆದಂಬಾಡಿಯಲ್ಲಿ ಒಂದು ಗೃಹಪ್ರವೇಶ. ಭಾವನದೇ ಅಡಿಗೆ. ಅನು ನನ್ನ ಎದುರಿನ ಸಾಲಿನಲ್ಲಿ ಕೂತಿದ್ದಳು. ಮೈಗೆ ದೊಡ್ಡದಾದ ಸೀರೆಯನ್ನು ಕುತ್ತಿಗೆಯವರೆಗೆ ಸುತ್ತಿಕೊಂಡಿದ್ದಳು. ಪಕ್ಕದಲ್ಲಿದ್ದ ಹೆಂಗಸೊಬ್ಬರು ದೊಡ್ಡ ದನಿಯಲ್ಲಿ, "ಎಂತ ಭಟ್ರೇ, ಊರಿಗೆಲ್ಲ ಬಡಿಸಿ ಬಡಿಸಿ ಮನೆಗೆ ಹೋಗುವಾಗ ಪಾತ್ರೆ ಖಾಲಿಯಾ? ಮಗಳು ನೋಡಿ, ನುಗ್ಗೆಕೋಡು!" ಎಂದರು. ಪಂಕ್ತಿಯೆಲ್ಲ ನಕ್ಕಿತು. ಭಾವನೂ ನಕ್ಕರು. ಆಮೇಲೆ ಬಡಿಸುವವರ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಬಂದು ಮಗಳ ಎಲೆಗೆ ಹೋಳಿಗೆ ಹಾಕಿ, ತುಪ್ಪ ಬಿಟ್ಟು ಹೋದರು.

ಅವಳು ಹೋಳಿಗೆಯನ್ನು ಚೂರು ಮಾಡಿದಳು, ಚೂರನ್ನು ಇನ್ನೂ ಚೂರು ಮಾಡಿದಳು, ಅನ್ನವನ್ನು ಎಲೆಯ ಈ ಬದಿಯಿಂದ ಆ ಬದಿಗೆ ತಳ್ಳಿದಳು. ಎಲ್ಲರೂ ಏಳುವಾಗ ಚಕ್ಕನೆ ಎಲೆ ಮಡಚಿದಳು. ನಮ್ಮಲ್ಲಿ ಊಟ ಮುಗಿದರೆ ಎಲೆ ಮಡಚುವುದು ಮರ್ಯಾದೆ. ಮಡಚಿದ ಎಲೆಯೊಳಗೆ ಏನುಂಟೆಂದು ಯಾರೂ ನೋಡುವುದಿಲ್ಲ. ಆದರೆ ಉಳಿದವರ ಎಲೆಗಳು ಚಪ್ಪಟೆಯಾಗಿ ಮಲಗಿದ್ದಾಗ ಅವಳದೊಂದು ಬುತ್ತಿ ಕಟ್ಟಿದ ಹಾಗೆ ಉಬ್ಬಿತ್ತು.

ಭಾವ ಎಲೆ ತೆಗೆಯುವವರನ್ನು ತಡೆದರು. ಬಗ್ಗಿ ಅವಳ ಎಲೆಯ ಅಂಚು ಬಿಡಿಸಿ ನೋಡಿ, ಮತ್ತೆ ಮುಚ್ಚಿ, ಎರಡು ಕೈಯಲ್ಲಿ ಎತ್ತಿಕೊಂಡು ತಾವೇ ಹೋಗಿ ಗುಂಡಿಗೆ ಹಾಕಿ ಬಂದರು. ಕೈ ತೊಳೆಯುವಲ್ಲಿ ನನ್ನ ಹತ್ತಿರ ಮೆಲ್ಲಗೆ ಕೇಳಿದರು: "ಹೂರಣಕ್ಕೆ ಏಲಕ್ಕಿ ಹೆಚ್ಚಾಗಿತ್ತಾ?"

"ಇಲ್ಲ ಭಾವ. ನಾನು ಮೂರು ತಿಂದೆ."

"ನಿನ್ನದು ಬಿಡು. ನೀನು ಹೇಗಿದ್ರೂ ತಿಂತಿ. ಸ್ವಲ್ಪ ಹೆಚ್ಚಾಗಿರಬೇಕು."

ಆಮೇಲಿನ ಸಮಾರಂಭಗಳಲ್ಲಿ ಅವರ ಹೋಳಿಗೆಯಲ್ಲಿ ಏಲಕ್ಕಿ ಕಡಿಮೆಯಾಯಿತು. ಮತ್ತೆ ಬೆಲ್ಲ ಕಡಿಮೆಯಾಯಿತು. ಭಟ್ಟರ ಕೈ ಯಾಕೋ ಮೊದಲಿನ ಹಾಗಿಲ್ಲ ಎಂದು ಜನ ಆಡಿಕೊಂಡರು.

ಜನವರಿಯಲ್ಲಿ ಜಯಾ ಅಕ್ಕನಿಗೆ ಇನ್ನೊಂದು ವಿಷಯ ಹೇಳಲೇಬೇಕಾಯಿತು. ಅನುವಿಗೆ ಕೆಲವು ತಿಂಗಳಿನಿಂದ ಮುಟ್ಟು ನಿಂತಿತ್ತು. ಈಗ ಅಕ್ಕ ನಿಜವಾಗಿ ಹೆದರಿದಳು. ನಾನು ಡಾಕ್ಟರ ಹೆಸರು ಹೇಳಿದೆ. ಅವಳು ಜೋಯಿಸರ ಹೆಸರು ಹೇಳಿದಳು. ಮೊದಲು ಪ್ರಶ್ನೆ ಇಡಿಸುವುದು, ಮತ್ತೆ ಬೇಕಿದ್ದರೆ ಡಾಕ್ಟರು. ಕವಡೆ ಹರಡಿದ ಜೋಯಿಸರು ಊಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹುಡುಗಿಗೆ ನಾಗನ ದೋಷ ಕಾಣುತ್ತದೆ, ಮಂಗಳವಾರ ಒಪ್ಪೊತ್ತು, ಷಷ್ಠಿಗೆ ಪೂರ್ತಿ ಉಪವಾಸ, ಪ್ರತಿ ಷಷ್ಠಿಗೂ ಸುಬ್ರಹ್ಮಣ್ಯಕ್ಕೆ ಹೋಗಿ ಬರಬೇಕು, ಒಂದು ವರ್ಷ ತಪ್ಪಬಾರದು ಎಂದರು.

ಉಣ್ಣದ ಹುಡುಗಿಗೆ ಉಪವಾಸದ ಔಷಧ! ನನಗೆ ನಗು ಬಂತು. ಆಮೇಲೆ ಅನುವಿನ ಮುಖ ನೋಡಿದೆ. ತಿಂಗಳುಗಟ್ಟಲೆ ಕಾಣದಿದ್ದ ಬೆಳಕು ಅಲ್ಲಿತ್ತು. ಇನ್ನು ಸುಳ್ಳು ಹೇಳಬೇಕಾಗಿರಲಿಲ್ಲ. ದೇವರೇ ಬೇಡ ಎಂದ ಮೇಲೆ ಯಾರು ಬಡಿಸುತ್ತಾರೆ?

ಷಷ್ಠಿಗೆ ಏಕಾದಶಿ ಸೇರಿತು, ಏಕಾದಶಿಗೆ ಸಂಕಷ್ಟಿ, ಸಂಕಷ್ಟಿಗೆ ಸೋಮವಾರ. ಕೇಳಿದರೆ, "ಹರಕೆ ಮಾವ" ಎಂದಳು. ಅಕ್ಕ ಎಲ್ಲರ ಹತ್ತಿರ ಹೇಳಿಕೊಂಡು ಬಂದಳು: "ಈಗಿನ ಕಾಲದ ಹುಡುಗಿಯರಲ್ಲಿ ಇಷ್ಟು ಭಕ್ತಿ ಎಲ್ಲುಂಟು ಹೇಳಿ?"

ಮಾರ್ಚಿನ ಷಷ್ಠಿಯಂದು ಸುಬ್ರಹ್ಮಣ್ಯಕ್ಕೆ ಹೋಗಲು ಅಕ್ಕನೂ ಬಂದಿದ್ದಳು. ಅನು ತಾನೇ ಕಾರು ಬಿಡುತ್ತೇನೆಂದಳು. ನಾನು ಎಡಗಡೆ ಮೇಷ್ಟರ ಸೀಟಿನಲ್ಲಿ, ಅಕ್ಕ ಹಿಂದೆ. ಉಪ್ಪಿನಂಗಡಿ ದಾಟಿ ರಾಮಕುಂಜದ ಹತ್ತಿರ ಬಂದಾಗ ಶಾಲೆಯ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದರು. ಕಾರು ನಿಧಾನವಾಗಬೇಕಿತ್ತು, ಆಗಲಿಲ್ಲ. ತಿರುಗಿ ನೋಡಿದರೆ ಅನುವಿನ ತಲೆ ಎದೆಯ ಮೇಲೆ ಬಿದ್ದಿತ್ತು. ನನ್ನ ಕಾಲು ನನಗಿಂತ ಮೊದಲೇ ಒತ್ತಿತು. ಕಾರು ನಿಂತಾಗ ಮುಂದಿನ ಹುಡುಗಿ ಬಿಸಿಲಿಗೆ ಹಿಡಿದಿದ್ದ ಕೊಡೆ ಬಾನೆಟ್ಟಿಗೆ ತಾಗುತ್ತಿತ್ತು.

ಅವಳನ್ನು ಹಿಂದಿನ ಸೀಟಿಗೆ ಎತ್ತಿ ಮಲಗಿಸಿದೆ. ಕೊಡೆಯಷ್ಟೂ ಭಾರವಿರಲಿಲ್ಲ ಎಂದರೆ ಉತ್ಪ್ರೇಕ್ಷೆ, ಆದರೆ ನನ್ನಂಥವನಿಗೆ ಉಬ್ಬಸ ಬಾರದೆ ಎತ್ತಲು ಸಾಧ್ಯವಾಯಿತು ಎಂಬುದೇ ಹೆದರಿಸಿತು. ನೀರು ಚಿಮುಕಿಸಿದಾಗ ಕಣ್ಣು ಬಿಟ್ಟಳು.

"ಆಸ್ಪತ್ರೆಗೆ ಹೋಗುದು," ಎಂದೆ.

"ಇಷ್ಟು ದೂರ ಬಂದು?" ಅಕ್ಕ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಇನ್ನು ಕಡಬ, ಕಡಬ ಕಳೆದ್ರೆ ಸುಬ್ರಹ್ಮಣ್ಯ. ಕೈ ಮುಗಿದು, ತೀರ್ಥ ಕುಡಿಸಿ, ಮತ್ತೆ ಎಲ್ಲಿಗೆ ಬೇಕಾದ್ರೂ ಹೋಗುವ. ವ್ರತ ಅರ್ಧದಲ್ಲಿ ಬಿಡ್ಲಿಕ್ಕೆ ಆಗುದಿಲ್ಲ ತಮ್ಮ."

"ಮಾವ, ನಂಗೆ ಏನೂ ಆಗ್ಲಿಲ್ಲ. ಹೋಗುವ," ಎಂದಳು ಅನು. ಎದ್ದು ಕೂರಲು ನೋಡಿದಳು, ಆಗಲಿಲ್ಲ.

ನಾನು ಯಾರ ಮಾತಿಗೂ ಎದುರು ಹೇಳಿ ಗೊತ್ತಿಲ್ಲದವನು. ಆ ದಿನ ಕಾರು ತಿರುಗಿಸಿದೆ. ಪುತ್ತೂರು ಮುಟ್ಟುವವರೆಗೆ ಅಕ್ಕ ಅಳುತ್ತಲೇ ಇದ್ದಳು, ಮಗಳಿಗಾಗಿ ಅರ್ಧ, ವ್ರತಕ್ಕಾಗಿ ಅರ್ಧ.

ಪುತ್ತೂರಿನ ಡಾಕ್ಟರು ನಾಡಿ ಹಿಡಿದು ಬಹಳ ಹೊತ್ತು ಗಡಿಯಾರ ನೋಡಿದರು. ಇಸಿಜಿ ಮಾಡಿಸಿದರು, ರಕ್ತ ತೆಗೆಸಿದರು. ಆಮೇಲೆ ಅನುವನ್ನು ಹೊರಗೆ ಕೂರಿಸಿ ನಮಗೆ ಹೇಳಿದರು. ಇದು ಹಠವಲ್ಲ, ಫ್ಯಾಶನ್ ಅಲ್ಲ, ಭಕ್ತಿಯೂ ಅಲ್ಲ, ಕಾಯಿಲೆ. ಹೊರಗಿನಿಂದ ಅನ್ನ ಸಿಗದಿದ್ದರೆ ದೇಹ ತನ್ನನ್ನೇ ಉರಿಸಿಕೊಳ್ಳುತ್ತದೆ, ಉಸಿರಿನ ವಾಸನೆ ಅದರದು. ಕೊಬ್ಬು ಮುಗಿದ ಮೇಲೆ ಮಾಂಸ, ಹೃದಯವೂ ಮಾಂಸವೇ. ನಾಡಿ ಇಷ್ಟು ನಿಧಾನವಾಗಿರುವುದು ಅದಕ್ಕೆ. ಮುಟ್ಟು ನಿಂತದ್ದರಿಂದ ಮೂಳೆ ಟೊಳ್ಳಾಗುತ್ತಿರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ, ಹೀಗೇ ಬಿಟ್ಟರೆ ಎದೆಬಡಿತ ಯಾವ ಹೊತ್ತಿಗೂ ತಪ್ಪಬಹುದು. ಉಪವಾಸ ಬಿದ್ದ ಮೆದುಳಿಗೆ ಊಟದ ವಿಷಯವನ್ನು ನೆಟ್ಟಗೆ ಯೋಚಿಸುವ ಶಕ್ತಿಯೂ ಉಳಿಯುವುದಿಲ್ಲ. ಹಾಗಾಗಿ ಬುದ್ಧಿ ಹೇಳಿ ಪ್ರಯೋಜನವಿಲ್ಲ.

"ಗುಣ ಆಗ್ತದಾ ಡಾಕ್ಟ್ರೇ?" ಭಾವ ಕೇಳಿದರು. ಸುದ್ದಿ ತಿಳಿದು, ಅಡಿಗೆಗೆ ಹೋಗಿದ್ದ ಮನೆಯಿಂದ ನೇರ ಬಂದಿದ್ದರು, ಹೆಗಲಿನ ಬೈರಾಸು ಟವೆಲಿನಲ್ಲಿ ಒಗ್ಗರಣೆಯ ವಾಸನೆ ಇತ್ತು.

"ತುಂಬ ಜನರಿಗೆ ಆಗ್ತದೆ. ಬೇಗ ಬಂದವರಿಗೆ ಹೆಚ್ಚು," ಎಂದರು ಡಾಕ್ಟರು. ಮಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಮಂಗಳೂರಿನ ಆಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರು ಒಬ್ಬರು, ಹೃದಯ ನೋಡುವವರು ಒಬ್ಬರು, ಊಟದ ಅಳತೆ ಹೇಳುವ ಚಿಕ್ಕ ವಯಸ್ಸಿನ ಹುಡುಗಿ ಒಬ್ಬಳು. ಭಾವ ಮೊದಲ ದಿನವೇ ಎತ್ತರದ ಟಿಫಿನ್ ಕ್ಯಾರಿಯರು ತಂದರು. ಸಣ್ಣಕ್ಕಿ ಪಾಯಸ, ತೊವ್ವೆ, ತುಪ್ಪ. ಆ ಹುಡುಗಿ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಇಷ್ಟು ದಿನ ಬರಿದಾಗಿದ್ದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ, ತಾವು ಹೇಳಿದಷ್ಟೇ ಕೊಡಬೇಕು ಎಂದಳು. ಭಾವನ ಕೈಗೆ ಸಣ್ಣದೊಂದು ಕಪ್ಪು ಕೊಟ್ಟಳು. "ಇದರಲ್ಲಿ ಅರ್ಧ, ಅಂಕಲ್."

ಸಾವಿರ ಜನರಿಗೆ ಬಡಿಸಿ, ಕೊನೆಯವನು ಕೈ ತೊಳೆದ ಮೇಲೆಯೇ ತಾನು ಉಣ್ಣುವ ಮನುಷ್ಯ. ಆ ಕಪ್ಪನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಊಟ ಹಾಕಿದ್ರೆ ಸಾಯ್ತಾರೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ ಮಾರಾಯ," ಎಂದರು ನನ್ನ ಹತ್ತಿರ. ಪಾಯಸವನ್ನು ವಾರ್ಡಿನ ಆಯಾಗಳಿಗೆ ಹಂಚಿದರು. ಚೆನ್ನಾಗಿದೆ ಎಂದು ಅವರೆಲ್ಲ ಹೇಳಿದಾಗ ಮುಖ ಆಚೆ ತಿರುಗಿಸಿಕೊಂಡರು.

ಅನು ಅಲ್ಲಿ ಸ್ವಲ್ಪ ಚೇತರಿಸಿಕೊಂಡಳು. ತುಟಿಗೆ ಬಣ್ಣ ಬಂತು. ಇನ್ನೂ ಇರಬೇಕು, ಈಗ ದೇಹ ಮಾತ್ರ ತುಸು ಎದ್ದಿದೆ, ಮನಸ್ಸಿನ ಕೆಲಸ ಇನ್ನೂ ಶುರುವಾಗಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಅಷ್ಟರಲ್ಲಿ ಸುಳ್ಯದಲ್ಲಿ ಸುದ್ದಿ ಎದ್ದಿತ್ತು, ಭಟ್ಟರ ಮಗಳು ಮಂಡೆ ಸರಿಯಿಲ್ಲದವರ ವಾರ್ಡಿನಲ್ಲಿದ್ದಾಳೆ ಎಂದು. ನಾಳೆ ಮದುವೆ ಎಂದು ಬಂದಾಗ ಇದು ಉಳಿಯುತ್ತದೆ ಎಂದಳು ಅಕ್ಕ. ಅನುವೂ ಮನೆಗೆ ಹೋದರೆ ಎಲ್ಲ ತಿನ್ನುತ್ತೇನೆಂದು ಅಮ್ಮನ ಕೈ ಮುಟ್ಟಿ ಹೇಳಿದಳು. ನಾನು ಬೇಡವೆಂದೆ, ಮತ್ತೆ ಮತ್ತೆ ಬೇಡವೆಂದೆ. ಏಪ್ರಿಲಿನ ವಿಷು ಹಬ್ಬಕ್ಕೆ ಮೊದಲೇ ಕರೆದುಕೊಂಡು ಹೋದರು.

ಮನೆಯಲ್ಲಿ ಒಂದು ವಾರ ತಿಂದಳು. ಆಮೇಲೆ ಬಿಟ್ಟಳು. ಯಾಕೆ ಹೀಗಾಯಿತೆಂದು ಎಲ್ಲರೂ ಕೂತು ಯೋಚಿಸಿದಾಗ ಕಾರಣ ಸಿಕ್ಕಿತು, ಷಷ್ಠಿಯ ದಿನ ರಾಮಕುಂಜದಿಂದ ಕಾರು ತಿರುಗಿದ್ದು. ವ್ರತ ಮುರಿಯಿತಲ್ಲ! ಜೋಯಿಸರನ್ನು ಮತ್ತೆ ಕೇಳಿದ್ದರಂತೆ. ಮೊದಲಿನಿಂದ ಹಿಡಿಯಬೇಕು, ಪ್ರಾಯಶ್ಚಿತ್ತ ಸೇರಿ ಇನ್ನೂ ಕಠಿಣವಾಗಿ ಎಂದರಂತೆ.

"ನಿನಗೆ ಹೆದರಿಕೆ ಇಲ್ಲದಿರ್ತಿದ್ರೆ ಆ ದಿನ ದರ್ಶನ ಆಗ್ತಿತ್ತು," ಎಂದಳು ಅಕ್ಕ ಫೋನಿನಲ್ಲಿ. ಸಿಟ್ಟಿನಿಂದಲ್ಲ, ಸುಸ್ತಾದ ದನಿಯಲ್ಲಿ. "ಎಲ್ಲದಕ್ಕೂ ಬ್ರೇಕು ಹಾಕ್ತಿ ನೀನು."

ಆ ಶಾಲೆಯ ಮಕ್ಕಳ ವಿಷಯ ನೆನಪಿಸಲೇ ಎಂದುಕೊಂಡೆ. ಆದರೆ ಅವಳಿಗೆ ಯಾರಾದರೊಬ್ಬರ ತಪ್ಪು ಬೇಕಿತ್ತು. ನಾನು ಕೈಗೆ ಸಿಗುವ ದೂರದಲ್ಲಿದ್ದೆ. ಜೂನ್ ಬಂದಾಗ ಅನು ಕಾಲೇಜಿಗೆ ಮರಳಲಿಲ್ಲ. ಸೂಟ್‌ಕೇಸನ್ನು ನಾನೇ ಸುಳ್ಯಕ್ಕೆ ಮುಟ್ಟಿಸಿ ಬಂದೆ.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಏನೂ ಇಲ್ಲ, ಎಲ್ಲ ಒಂದೇ ತರಹ. ಮತ್ತೆ ಆಸ್ಪತ್ರೆ, ಮತ್ತೆ ಮನೆ. ಬಸ್ಸಿನಿಂದ ಇಳಿಯುವಾಗ ಕಾಲು ತುಸು ತಿರುಚಿದ್ದಕ್ಕೆ ಅನುವಿನ ಸೊಂಟದ ಮೂಳೆ ಬಿರುಕು ಬಿಟ್ಟಿತು. ಮುದುಕಿಯರ ಮೂಳೆ ಎಂದರಂತೆ ಡಾಕ್ಟರು. ಜೋಯಿಸರ ಮಾತು ಅಕ್ಕನಿಗೇ ಸಾಕಾಗಿ ಹೋಗಿದೆ. ಈಗ ಅವಳು ಡಾಕ್ಟರು ಹೇಳಿದಂತೆ ಪ್ರತಿ ಊಟಕ್ಕೂ ಮಗಳ ಎದುರು ಕೂರುತ್ತಾಳೆ, ಊಟವಾದ ಮೇಲೂ ಅವಳನ್ನು ಒಬ್ಬಳೇ ಬಿಡುವುದಿಲ್ಲ. ಭಾವ ದೊಡ್ಡ ಅಡಿಗೆ ಒಪ್ಪಿಕೊಳ್ಳುವುದಿಲ್ಲ.

ಮೊನ್ನೆ ಕಾರಿನಲ್ಲಿ ಆ ವಾಸನೆ ಬಂದ ಮೇಲೆ ಸುಮ್ಮನೆ ಕೂರಲಾಗದೆ ಭಾನುವಾರ ಸುಳ್ಯಕ್ಕೆ ಹೋದೆ. ಅಕ್ಕನಿಗೆ ಮದ್ದು ತರಲು ಪೇಟೆಗೆ ಹೋಗಲಿಕ್ಕಿತ್ತು. "ಒಂದು ಇಡ್ಲಿ. ಅದು ಮುಗಿಯುವವರೆಗೆ ಏಳ್ಬೇಡ," ಎಂದು ನನ್ನನ್ನು ಕೂರಿಸಿ ಹೋದಳು.

ಅನು ಸೆಕೆಯಲ್ಲೂ ಶಾಲು ಹೊದ್ದಿದ್ದಳು. ಇಡ್ಲಿಯ ಒಂದು ಮೂಲೆ ಮುರಿದು, ಅದನ್ನು ಬೆರಳಲ್ಲಿ ಹಿಡಿದುಕೊಂಡೇ ಇದ್ದಳು. ನಾನು ಮಳೆಯ ಮಾತಾಡಿದೆ, ಆರ್‌ಟಿಓ ಮಾತಾಡಿದೆ, ಹೊಸ ಸರ್ಕಲಿನ ಮಾತಾಡಿದೆ.

"ಮಾವ, ಒಂದು ಕೇಳ್ಲಾ?"

"ಕೇಳು."

"ಹಸಿವು ಅಂದ್ರೆ ಹೇಗಾಗುದು? ಮೊದಲು ಗೊತ್ತಿತ್ತು ನಂಗೆ. ಈಗ ಎಷ್ಟು ನೆನಪು ಮಾಡಿದ್ರೂ ಬರುದಿಲ್ಲ."

ಆ ವಿಷಯದಲ್ಲಿ ನನ್ನಷ್ಟು ಅನುಭವಸ್ಥ ಇನ್ನಾರಿದ್ದಾರೆ? ಹೇಳತೊಡಗಿದೆ. ಬೆಳಿಗ್ಗೆ ಹತ್ತೂವರೆಗೆ ಶುರುವಾಗುತ್ತದೆ, ಮೊದಲು ಹೊಟ್ಟೆಯಲ್ಲಲ್ಲ, ಸಿಟ್ಟಿನಲ್ಲಿ, ಕಲಿಯುವವರ ಮೇಲೆ ಸುಮ್ಮನೆ ರೇಗುತ್ತೇನೆ. ಮತ್ತೆ ಹೋಟೆಲಿನ ಎದುರು ಹೋಗುವಾಗ ಈರುಳ್ಳಿ ಹುರಿದ ವಾಸನೆ ಬಂದರೆ ಕೆನ್ನೆಯ ಒಳಗಡೆ ನೀರು ಚಿಮ್ಮುತ್ತದೆ, ಹೊಟ್ಟೆ ಗುರ್ರೆನ್ನುತ್ತದೆ, ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. ಅವಳು ನಗಲಿಲ್ಲ. ಮಕ್ಕಳು ಕತೆ ಕೇಳುವ ಹಾಗೆ, ಬಾಯಿ ತುಸು ತೆರೆದು, ನನ್ನನ್ನೇ ನೋಡುತ್ತ ಕೇಳಿದಳು.

"ಆಮೇಲೆ?"

"ಆಮೇಲೆಂತ? ತಿನ್ನುದು."

"ತಿನ್ನುವಾಗ ನಿಮಗೆ ಹೆದರಿಕೆ ಆಗುದಿಲ್ವಾ?"

ಜಗತ್ತಿನಲ್ಲಿ ನಾನು ಹೆದರದೆ ಮಾಡುವ ಕೆಲಸ ಅದೊಂದೇ. "ಇಲ್ಲ," ಎಂದೆ.

ಉಕ್ಕುವ ಹೊಳೆಯನ್ನು ನಡೆದೇ ದಾಟಿದೆನೆಂದು ಯಾರೋ ಹೇಳಿದರೆ ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ಬೆರಳಲ್ಲಿದ್ದ ಚೂರನ್ನು ಮೆಲ್ಲಗೆ ತಟ್ಟೆಗೆ ಇಳಿಸಿ, ಮುರಿದ ಮೂಲೆಗೆ ಸರಿಯಾಗಿ ಹೊಂದಿಸಿಟ್ಟಳು. ಇಡ್ಲಿ ಮತ್ತೆ ಇಡಿಯಾಯಿತು.

ಗೇಟಿನ ಸದ್ದಾಯಿತು. ಚಪ್ಪಲಿ ಬಿಡುವ ಮೊದಲೇ ಅಕ್ಕ ಅಂಗಳದಿಂದ ಕೂಗಿ ಕೇಳಿದಳು:

"ತಿಂದಳಾ?"